ಮುಕ್ಕಾಲು

ಬರ್ನಿಯ ಆಸ್ಪತ್ರೆಯ ಹಿಂದೆ, ಲಾಂಡ್ರಿಯ ಆವಿ ಬಡಿಯುವಲ್ಲಿ
ನನ್ನ ಕೋಣೆ: ಪ್ಲಾಸ್ಟರಿನ ಅಚ್ಚು, ತೊಗಲ ಪಟ್ಟಿ, ಅಂಟಿನ ಘಾಟು.
ಮೊದಲ ಸಲ ಬಂದಾಗಲೇ ಲಿಂಡ್ಸೆ ಚಿಲ್ಕಾಟ್
ಎಡಗಾಲು ಕಳಚಿ ಮೇಜಿನ ಮೇಲಿಟ್ಟು
"ಸರ್ವೀಸಿಗೆ ಬಿಟ್ಟಿದ್ದೀನಿ, ಸಂಜೆಗೆ ಕೊಡ್ತೀಯಾ?" ಎಂದ.

ಬೋರಲು ಹಾಕಿ ಕೊಡವಿದೆ.
ಶೆಫೀಲ್ಡಿನ ಕೆಮ್ಮಣ್ಣು, ಥೇಟು ನಮ್ಮ ಚಿಂತಾಮಣಿಯದೇ,
ಎರಡು ಮೊಳೆ, ಮೊಳೆತ ಒಂದು ಬಟಾಣಿ,
ಸತ್ತ ಜೀರುಂಡೆ.
"ಬಾಡಿಗೆ ಬಾಕಿ ಉಳಿಸಿಕೊಂಡೇ ಹೋಯ್ತು ನೋಡು."

ಮೊಣಕಾಲ ಕೆಳಗಿನದು ಹೇಗೆ ಹೋಯಿತು ಅಂತ
ಶಾಲೆಮಕ್ಕಳು ಕೇಳಿದರೆ: ಶಾರ್ಕು.
ಪಾದ್ರಿ ಕೇಳಿದರೆ: ಬ್ಯಾಂಕಿನಲ್ಲಿ ಅಡವಿದೆ, ಬಡ್ಡಿ ಕಟ್ಟುತ್ತಿದ್ದೇನೆ.
ನನಗೆ, ಒದ್ದೆ ಪಟ್ಟಿ ಸುತ್ತಿ ಅಚ್ಚು ತೆಗೆಯುವಾಗ,
ಚಾವಣಿ ನೋಡುತ್ತ ಹೇಳಿದ:
ಎಂಬತ್ತೊಂದರ ಏಪ್ರಿಲ್, ಆಲೂಗಡ್ಡೆ ಕೀಳುವ ಯಂತ್ರದ ಸರಪಳಿ,
ಅಪ್ಪ ಎಂಜಿನ್ ನಿಲ್ಲಿಸಲು ಓಡಿಬಂದದ್ದು.
ಅಪ್ಪ ಅಷ್ಟು ಜೋರಾಗಿ ಓಡಬಲ್ಲನೆಂದು
ಅಲ್ಲಿಯವರೆಗೆ ಗೊತ್ತೇ ಇರಲಿಲ್ಲವಂತೆ.

ಚರ್ಚಿಗೆ ನಾನು ಮಾಡಿದ ಕಾಲು, ಪಾಲಿಶ್ ಹಾಕಿದ ಬೂಟು.
ಹೊಲಕ್ಕೆ ತಾನೇ ಕಡೆದ ಗೂಟ, ಬ್ಲ್ಯಾಕ್‌ವುಡ್ ಮರದ್ದು.
ಬೆಳ್ಳುಳ್ಳಿ ನೆಡುವ ದಿನ ನೋಡಬೇಕಿತ್ತು:
ಹೆಜ್ಜೆಗೊಂದು ಕುಳಿ ಒತ್ತುತ್ತ ಅವನು ಮುಂದೆ,
ಕುಳಿಗೊಂದು ಎಸಳು ಹಾಕುತ್ತ ಹೆಂಡತಿ ಬೆರಿಲ್ ಹಿಂದೆ.
ಸಾಲಿನ ಕೊನೆಗೆ ತಿರುಗಿ ಕೂಗುತ್ತಿದ್ದ,
"ಎರಡು ಕಾಲಿನವರಿಗೆ ಈ ಕೆಲಸ ಬರೋದಿಲ್ಲ, ಪಾಪ!"
ಅವಳು ಕತ್ತೆತ್ತುತ್ತಿರಲಿಲ್ಲ. ಸಾವಿರ ಸಲ ಕೇಳಿದ್ದಳು.

ಒಮ್ಮೆ ಮಾತಿಗೆ ಹೇಳಿಬಿಟ್ಟೆ:
ನಮ್ಮಲ್ಲಿ ಕಾಲು ಅಂದರೆ ಕಾಲೂ ಹೌದು, ನಾಲ್ಕರಲ್ಲೊಂದು ಪಾಲೂ ಹೌದು,
ಕಾಲು ಸೇರು ಕಡಲೆ ತಾ ಎಂದರೆ ಯಾರೂ ಬೆಚ್ಚುವುದಿಲ್ಲ.
ಸುಮ್ಮನೆ ಕೂತ. ಆಮೇಲೆ ಬೆರಳು ಮಡಿಸಿದ.
"ಕೈ ಎರಡು, ಕಾಲೊಂದು. ಒಂದು ಪಾಲು ಖೋತಾ.
ಉಳಿದದ್ದಕ್ಕೆ ಏನಂತೀರಿ?"
ಮುಕ್ಕಾಲು.
"ಮೂಕಲೂ," ಎಂದ. "ಮೂಕಲೂ," ಎಂದು ನಾಯಿಗೂ ಹೇಳಿದ.
ಅಪಾಯಿಂಟ್‌ಮೆಂಟ್ ಚೀಟಿಯ ಬೆನ್ನಿಗೆ
ಕನ್ನಡದಲ್ಲಿ ಬರೆಸಿಕೊಂಡು ಹೋದ.

ಸುಗ್ಗಿಗೆ ಚೀಲಗಳ ಮೇಲೆಲ್ಲ ಅದೇ ಮುದ್ರೆ.
ಡೆವನ್‌ಪೋರ್ಟಿನ ಪ್ರೆಸ್ಸಿನವನಿಗೆ ನಮ್ಮ ಒತ್ತಕ್ಷರ ತಿಳಿಯದೆ
ಕೆಳಗಿರಬೇಕಾದ ಒತ್ತು ಜಾರಿ, ಒಂಟಿಯಾಗಿ ಪಕ್ಕದಲ್ಲಿ ನಿಂತಿತ್ತು.
ತಿದ್ದಿಸೋಣ ಎಂದೆ.
"ಬೇಡ, ಅದೂ ನನ್ನ ಹಾಗೇ ನಡೀಲಿ."

ನಗದ ದಿನವೂ ಇತ್ತು, ಒಂದು.
ಜುಲೈ; ಹೊರಗೆ ಆಲಿಕಲ್ಲು; ಮುಖ ಬಿಳಿಚಿತ್ತು.
ಇಲ್ಲದ ಹೆಬ್ಬೆರಳು ಮೂರು ರಾತ್ರಿಯಿಂದ ತುರಿಸುತ್ತಿದೆ ಎಂದ,
ಬೆರಿಲ್‌ಗೆ ಹೇಳಿಲ್ಲ.
ಓದಿದ್ದನ್ನೆಲ್ಲ ಒಪ್ಪಿಸಿದೆ, ನರ, ಮಿದುಳು, ಕನ್ನಡಿ ಹಿಡಿಯುವ ಚಿಕಿತ್ಸೆ.
ಕಿವಿಗೆ ಹಾಕಿಕೊಳ್ಳಲಿಲ್ಲ.
ಕೊನೆಗೆ ಬಾಗಿಲು ಮುಂದೆ ಮಾಡಿ, ಮಂಡಿಯೂರಿ,
ಗಾಳಿಯನ್ನೇ ಕೆರೆದೆ.
"ಇನ್ನೂ ಚೂರು ಎಡಕ್ಕೆ," ಎಂದ.
ಕಣ್ಣು ಮುಚ್ಚಿದ್ದ. "ಹಾಂ. ಅಲ್ಲೇ."

ಹೋದ ಆಗಸ್ಟಿನಲ್ಲಿ ಹೋದ, ನಿದ್ದೆಯಲ್ಲಿ.
ಬೆರಿಲ್ ಬಂದು ಕಾಲು ವಾಪಸ್ ಕೊಟ್ಟಳು, ಟವೆಲಿನಲ್ಲಿ ಸುತ್ತಿ.
"ಸೆಕೆಂಡ್ ಹ್ಯಾಂಡು, ಆದರೆ ಓಡಿಸಿದ್ದು ಒಬ್ಬನೇ."
ನನಗಿಂತ ಮೊದಲು ಅವಳೇ ಬೆಚ್ಚಿದಳು,
ಆ ದನಿ ತನ್ನ ಬಾಯಲ್ಲಿ ಕೇಳಿ.
ಮರದ ಗೂಟ ಮಾತ್ರ ಕೊಡಲಿಲ್ಲ.
ಬೆಳ್ಳುಳ್ಳಿ ನೆಡೋದಿದೆಯಲ್ಲ, ಎಂದಳು,
ಸನಿಕೆಯ ಕಾವಿಗೆ ಕಟ್ಟಿಕೊಳ್ತೀನಿ.

ನಿನ್ನೆ ಅಂಗಡಿಯಲ್ಲಿ, ಈರುಳ್ಳಿ ರಾಶಿಯ ಆಚೆ, ಆ ಚೀಲ.
ಅದೇ ಕುಂಟು ಒತ್ತು.
ಈ ಊರಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ;
ಒಬ್ಬಳೇ ನಕ್ಕೆ.
ಗಲ್ಲಾದ ಹುಡುಗ ಚಿಲ್ಲರೆ ಎಣಿಸುವುದು ನಿಲ್ಲಿಸಿ
ಏನಂತ ಬರೆದಿದೆ ಎಂದು ಕೇಳಿದ.
ಹಿಂದೆ ಜನರ ಸಾಲು ಬೆಳೆದಿತ್ತು.
ಶಾರ್ಕಿನಿಂದ ಶುರು ಮಾಡಿದೆ.