ಕೆಮ್ಮಿ ಒಳಗೆ ಬಾ

ಅಬ್ಬಾಸಿಯಾ, ನಾಲ್ಕನೆಯ ಮಹಡಿ.
ಮೂರು ಮಂಚ, ಒಂದು ಫ್ರಿಜ್ಜು, ಒಬ್ಬೊಬ್ಬಳಿಗೆ ಒಂದು ಖಾನೆ,
ಖಾನೆಗೊಂದು ಚೀಟಿ: ದೇಚು, ಸುವಾರ್ತಾ, ಬೆನ್ನಿಬಾಯಿ.

ಪೊಲೀಸರ ಸೋಗಿನಲ್ಲಿ ಬಂದವರು
ಕೆಳಗಿನ ಮನೆಯ ನರ್ಸಿನ ಬಳೆ ಬಿಚ್ಚಿಸಿಕೊಂಡು ಹೋದ ವಾರ
ಸುವಾರ್ತಾ ಅಂದಳು, ಚಪಾತಿ ಲಟ್ಟಿಸುತ್ತಲೇ:
"ನಿಮ್ಮ ಕೊಡಗಿನಾಗ ಮನಿಗೊಂದು ಬಂದೂಕ ಇರ್ತದಂತ,
ನೀ ಒಂದ ತಂದಿದ್ರ ಛಲೋ ಇತ್ತ ನೋಡು."

ನಕ್ಕೆ. ನನ್ನ ಪೆಟ್ಟಿಗೆಯ ಉಗುರು ಕತ್ತರಿಯನ್ನೇ
ಏರ್‌ಪೋರ್ಟಿನಲ್ಲಿ ಕಿತ್ತುಕೊಂಡಿದ್ದರು.
ಆದರೂ ರಾತ್ರಿ, ಏಸಿಯ ಗೊರಕೆಯ ಕೆಳಗೆ,
ಅಂಗೈಗೆ ಮರದ ಹಿಡಿಯ ನೆನಪು ಬಂತು.
ಕೈಲ್‌ಪೊಳ್ದಿನ ಬೆಳಿಗ್ಗೆ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂವು.
ಹದಿನಾಲ್ಕಕ್ಕೆ ನಾನು ಹೊಡೆದು ಸಿಡಿಸಿದ ತೆಂಗಿನಕಾಯಿ.
ಭುಜದ ಮೇಲಿನ ನೀಲಿ.
ಶಹಬಾಸಿಗಿಂತ ಮೊದಲು ಬಂದ ಅಪ್ಪನ ಬೈಗುಳ:
ಗೆದ್ದ ಖುಷಿಗೆ ತಿರುಗಿಬಿಟ್ಟಿದ್ದೆ ಜನರ ಕಡೆ,
ಕೋವಿಯ ಸಮೇತ.

"ಖಾಲಿ ಕೋವಿ ಅಂತ ಯಾವುದೂ ಇಲ್ಲ.
ಎದುರಿಗಿರುವುದು ಏನೆಂದು ಗೊತ್ತಾಗುವ ತನಕ
ಬೆರಳು ನಿನ್ನದಲ್ಲ, ನನ್ನದು."
ಸಂಜೆ ಬೀರುವಿಗೆ ಬೀಗ.
ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ,
ಬೀಗದಕೈ ಅವ್ವನ ಅಕ್ಕಿ ಡಬ್ಬದೊಳಗೆ.

ಇಲ್ಲಿ ಬೀರು ಎಲ್ಲಿಯದು.
ಗ್ಯಾಸ್ ಸಿಲಿಂಡರಿನ ಸ್ಪ್ಯಾನರನ್ನು
ದಿಂಬಿನ ಕೆಳಗೆ ಇಟ್ಟುಕೊಂಡೆ.
ಯಾರಿಗೂ ಹೇಳಲಿಲ್ಲ. ಅದು ಮೊದಲ ತಪ್ಪು.

ಧೂಳಿನ ಗಾಳಿ ಎದ್ದ ರಾತ್ರಿ, ಎರಡೂಮುಕ್ಕಾಲು.
ಬಾಗಿಲ ಹಿಡಿ ಇಳಿಯಿತು. ನಿಂತಿತು. ಮತ್ತೆ ಇಳಿಯಿತು.
ಬೆನ್ನಿಬಾಯಿಗೆ ನೈಟ್ ಡ್ಯೂಟಿ.
ಸುವಾರ್ತಾ ಗೋಡೆಗೆ ಮುಖ ಮಾಡಿ ನಿದ್ದೆ.
ಕತ್ತಲಲ್ಲಿ ಕೈ ಎತ್ತಿ ನಿಂತೆ.
ಕ್ಯಾಜುವಾಲ್ಟಿಯಲ್ಲಿ ನಾನೇ ಒರೆಸಿ ಹೊಲಿಗೆಗೆ ಕೊಟ್ಟ ತಲೆಗಳು
ಒಂದೂ ನೆನಪಾಗಲಿಲ್ಲ, ಸುಳ್ಳೇಕೆ ಹೇಳಲಿ.

ಒಳಗೆ ಬಂದದ್ದು ಒಂದು ಆಕಾರ, ಬಾಯಿಗೆ ಬಟ್ಟೆ ಸುತ್ತಿ.
ಕೈ ಇಳಿಯಲು ಹೊರಟಿತ್ತು.
ಬೆರಳಿನ ಗೆಣ್ಣಿನಲ್ಲಿ ಇಷ್ಟು ವರ್ಷ ಸುಮ್ಮನೆ ಕೂತಿದ್ದ
ಆ ಹಳೆಯ ಬೈಗುಳ ಅದನ್ನು ಹಿಡಿದುಕೊಂಡಿತು.
ಕನ್ನಡ, ಅರಬಿ ಎರಡೂ ಮರೆತು
ಮನೆಯ ಮಾತಿನಲ್ಲಿ ಕೇಳಿದೆ: "ದಾರ್?"

ಉತ್ತರಕ್ಕೆ ಬಂದದ್ದು ಕೆಮ್ಮು.
ಧೂಳು ಕುಡಿದ ಕೆಮ್ಮು, ಕೊನೆಗೊಂದು ಸಣ್ಣ ಸೀಟಿ:
ಆರು ವರ್ಷ ಪಕ್ಕದ ಮಂಚದಿಂದ ಕೇಳಿದ ಉಬ್ಬಸ.
"ಇನ್‌ಹೇಲರ್ ಮರೆತಿದ್ದೆ ಮಾರಾಯ್ತಿ," ಅಂದಳು ಬೆನ್ನಿಬಾಯಿ,
"ನಿಮ್ಮ ನಿದ್ದೆ ಹಾಳಾಗುವುದು ಬೇಡಾಂತ ಲೈಟು ಹಾಕಲಿಲ್ಲ."

ಲೈಟು ಹಾಕಿದೆ.
ಅವಳು ನನ್ನ ಕೈ ನೋಡಿದಳು. ಎರಡು ಸಲ ಮದ್ದು ಎಳೆದಳು.
"ಹತ್ತು ದಿನದಿಂದ ಹುಡುಕ್ತಾ ಇದ್ದೆ ಇದನ್ನ," ಅಂದಳು.
ಆಮೇಲೆ ನಾವು ನಕ್ಕೆವೋ ಅತ್ತೆವೋ
ಸುವಾರ್ತಾಳನ್ನೇ ಕೇಳಬೇಕು, ಅವಳು ಆಗಷ್ಟೇ ಎದ್ದು ಕೂತಿದ್ದಳು.

ಸ್ಪ್ಯಾನರು ಈಗ ಒಲೆಯ ಪಕ್ಕ ಮೊಳೆಯಲ್ಲಿದೆ,
ಮೂವರಿಗೂ ಕಾಣುವ ಹಾಗೆ.
ಬಾಗಿಲಿಗೆ ಸರಪಳಿ, ಗೋಡೆಯ ಮೇಲೆ ಹಾರಿಸ್‌ನ ನಂಬರು.
ಹೊತ್ತಲ್ಲದ ಹೊತ್ತಿನಲ್ಲಿ ಬರುವವಳು ಹೊರಗೇ ಕೆಮ್ಮಬೇಕು.
ಸುವಾರ್ತಾಳಿಗೆ ಸುಮ್ಮಸುಮ್ಮನೆ ಕೆಮ್ಮಲು ನಾಚಿಕೆ.
ಚರ್ಚಿನ ಒಂದು ಸಾಲು ಗುನುಗುತ್ತಾಳೆ, ಶ್ರುತಿ ತಪ್ಪಿ,
ಮೊದಲ ಸಾಲಿಗೇ ಗುರುತು ಸಿಗುತ್ತದೆ.
ಎರಡನೆಯದೂ ಬರಲಿ ಅಂತ
ನಾನು ಸರಪಳಿ ತೆಗೆಯುವುದು ಒಂದಿಷ್ಟು ತಡ.