ಪೆನ್ಸಿಲಿನಲ್ಲಿ ಬರೆದದ್ದು

ಹಂಪನಕಟ್ಟೆಯ ತಾಲೂಕು ಕಚೇರಿಯ ಹೊರಗೆ
ಕಂಪೌಂಡಿಗೆ ಬೆನ್ನು ಕೊಟ್ಟ ಮೇಜು ನನ್ನದು.
ಟೈಪ್‌ರೈಟರಿನಲ್ಲಿ 'ಳ'ಕಾರದ ಸೊಂಟ ಮುರಿದಿದೆ.
ಮೂವತ್ತೊಂದು ವರ್ಷದಿಂದ
ನಾನು ಕುಟ್ಟಿದ ಮಂಗಳೂರುಗಳೆಲ್ಲ ಕುಂಟುತ್ತವೆ.

'ಮಾನ್ಯರೇ' ಎಂದು ಶುರು, 'ತಮ್ಮ ವಿಧೇಯ' ಎಂದು ಮುಗಿತಾಯ.
ನಡುವೆ ಯಾರದೋ ಐದು ಸೆಂಟ್ಸ್ ಜಾಗ,
ಅಪ್ಪನ ಹೆಸರಿಗೆ ತಪ್ಪಿ ಅಂಟಿದ ಒಂದು ಕೊಂಬು.
ಎಲ್ಲ ಆದ ಮೇಲೆ ಹಾಳೆಯ ಬಲಮೂಲೆಯಲ್ಲಿ
ಪೆನ್ಸಿಲಿನಿಂದ ಸಣ್ಣಗೆ ಒಂದು ಅಂಕಿ.
ಅದು ಪುಟಸಂಖ್ಯೆಯಲ್ಲ.

ಕಂಡಕ್ಟರಿಗೆ ಸ್ಟಾಪುಗಳಿದ್ದ ಹಾಗೆ ನನಗೆ ಬಾಯಿಪಾಠ:
ನಕಲಿಗೆ ಇಷ್ಟು, ಖಾತೆಗೆ ಇಷ್ಟು,
ವಿಧವಾ ವೇತನಕ್ಕೆ ಇಷ್ಟು.
ಕೆಲಸ ಆದ ಮೇಲೆ ಒಳಗಿನವರು ಉಜ್ಜಿಬಿಡುತ್ತಿದ್ದರು.
ಪೆನ್ಸಿಲಿನ ಪುಣ್ಯ ಅದು,
ಯಾರ ವಿರುದ್ಧವೂ ಸಾಕ್ಷಿ ಹೇಳುವುದಿಲ್ಲ.

ಕಮಲ ಕರ್ಕೇರ ಬಂದದ್ದು ಒಂದು ಮಂಗಳವಾರ.
(ಮಂಗಳವಾರವೂ ಕುಂಟುತ್ತದೆ ನನ್ನ ಮೆಷಿನಿನಲ್ಲಿ.)
ಧಕ್ಕೆಯಲ್ಲಿ ಬುಟ್ಟಿ ಖಾಲಿ ಮಾಡಿ, ಲಿಂಬೆಹುಳಿ ತಿಕ್ಕಿ ಕೈ ತೊಳೆದು,
ಆದರೂ ಬೆರಳಲ್ಲಿ ಉಳಿದ ಬಂಗುಡೆಯ ವಾಸನೆ.
ಕಂಕುಳಲ್ಲಿ ಹೊಸ ರಶೀದಿ ಪುಸ್ತಕ,
ಹಳದಿ ರಟ್ಟು, ನಡುವೆ ಕಾರ್ಬನ್ ಕಾಗದ.
"ಎಷ್ಟೂಂತ ಇದರಲ್ಲಿ ಬರೀಲಿ. ಕೊಡ್ತೇನೆ.
ತೆಕ್ಕೊಂಡವರು ಸೈನ್ ಹಾಕ್ಲಿ, ಅಷ್ಟೇ.
ಒಂದು ಪಾಲು ಬೂತಾಯಿಗೂ ಲೆಕ್ಕ ಉಂಟು ಮಾರಾಯ್ರೆ."

ನಾಲ್ಕನೇ ಮೇಜು ಮೊದಲು ನಕ್ಕಿತು.
ಆಮೇಲೆ ಫ್ಯಾನಿನ ಕಡೆ ನೋಡಿತು.
ಆಮೇಲೆ, ನಾಳೆ ಬನ್ನಿ ಎಂದಿತು.
ಅವಳು ಮೆಟ್ಟಿಲ ಮೇಲೆ ಕುಳಿತಳು, ನಾಳೆಯನ್ನು ಕಾಯುತ್ತ.

ಮುಂದಿನ ವಾರ ನಾಲ್ವರು. ಅದರಾಚೆ ಎಣಿಸಲಿಲ್ಲ.
ಬಿಜೈಯ ಸೆವ್ರಿನ್ ಟೀಚರು ಮಡಚುವ ಕುರ್ಚಿ ತಂದರು,
ಅದರಲ್ಲಿ ಕೂರಿಸಿದ್ದು ಮಾತ್ರ ಮಂಡಿನೋವಿನ ಚನಿಯಪ್ಪನನ್ನು.
ಕುದ್ರೋಳಿಯ ಅವ್ವಮ್ಮ ತಡ್ಪೆಯನ್ನು ಮಡಿಲಲ್ಲಿಟ್ಟು
ಬೀಡಿ ಕಟ್ಟುತ್ತಲೇ ಕುಳಿತಳು,
ಎಲೆ ಸುತ್ತುವ ಸರಸರ, ಅಷ್ಟೇ ಅವರ ಘೋಷಣೆ.
ಕಾಲೇಜಿನ ಹುಡುಗನೊಬ್ಬ ಮೈಕು ತರುತ್ತೇನೆಂದಾಗ
ಟೀಚರು ಕನ್ನಡಕದ ಮೇಲಿಂದ ನೋಡಿದರು. ಸಾಕಾಯಿತು.
ಪೊಲೀಸರು ಬಂದರು. ಬಿಸಿಲು ತಲೆ ಒಡೆಯುತ್ತಿತ್ತು.
ಮಜ್ಜಿಗೆ ಕುಡಿದ ಪೇದೆ ಲೋಟ ಕೆಳಗಿಟ್ಟು ಕೇಳಿದ:
"ಇದಕ್ಕೂ ರಶೀದಿ ಉಂಟಾ?"
ಅವನೂ ನಕ್ಕ, ಮೆಟ್ಟಿಲೂ ನಕ್ಕಿತು.

ನಾನು ನಗಲಿಲ್ಲ.
ಮೇಜಿಗೂ ಮೆಟ್ಟಿಲಿಗೂ ಹನ್ನೊಂದು ಹೆಜ್ಜೆ.
ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ಎಷ್ಟೋ ಸಲ
ಕಣ್ಣಿನಿಂದಲೇ ಅಳೆದಿದ್ದೆ.
ಆ ಅಂಕಿಯ ಬಾಲದ ಒಂದು ಸೊನ್ನೆ
ನನ್ನ ಮನೆಯ ಅನ್ನಕ್ಕೂ ಬರುತ್ತಿತ್ತಲ್ಲ.

ಆರನೇ ವಾರ ಕಮಲ ಬಂದು ಕೇಳಿದಳು,
"ಒಂದು ಮನವಿ ಕುಟ್ಟಿ ಕೊಡ್ತೀರಾ? ಚಾರ್ಜು ಎಷ್ಟು?"
ಕುಟ್ಟಿದೆ. 'ವಿಧೇಯ' ಎಂಬಲ್ಲಿಗೆ ಬಂದಾಗ
ಬೆರಳು ನಿಂತಿತು. ಬರೀ 'ನಾಗರಿಕರು' ಎಂದೆ.
ಹಾಳೆ ಎಳೆದೆ. ಕೈ ತಾನಾಗಿ
ಕಿವಿಯ ಸಂದಿನ ಪೆನ್ಸಿಲಿಗೆ ಹೋಯಿತು,
ತುದಿ ಬಲಮೂಲೆಗೆ ತಾಗಿಯೂ ಆಯಿತು.

ಅವಳು ನೋಡುತ್ತಿದ್ದಳು.
ಹದಿನಾರು ವರ್ಷದ ಹಿಂದೆ, ಗಂಡನ ಬೋಟು ಮರಳದ ವರ್ಷ,
ಇದೇ ಮೂಲೆಯನ್ನು ಹೀಗೆಯೇ ನೋಡುತ್ತ ನಿಂತಿದ್ದಳು,
ಕೈಯಲ್ಲಿ ಒದ್ದೆ ನೋಟುಗಳು.
ಅವಳಿಗೆ ನೆನಪಿತ್ತೋ ಇಲ್ಲವೋ.
ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

"ಆ ಪುಸ್ತಕ ಕೊಡಿ" ಎಂದೆ.
ಮೊದಲನೇ ಹಾಳೆ ಇನ್ನೂ ಖಾಲಿ.
ಕಾರ್ಬನ್ ಸರಿಮಾಡಿ, ಪೆನ್ನಿನಲ್ಲಿ, ಒತ್ತಿ ಬರೆದೆ:
ಕೊಟ್ಟವರು ಕಮಲ ಕರ್ಕೇರ. ಬಾಬ್ತು ವಿಧವಾ ವೇತನ.
ನಾನೂರ ಐವತ್ತು. ಅದರಲ್ಲಿ ನನ್ನ ಪಾಲು ಐವತ್ತು.
ಪಡೆದವರು:
ಅಲ್ಲಿ ನನ್ನ ಹೆಸರು, ಪೂರ್ತಿ, ಅಪ್ಪನ ಹೆಸರಿನೊಂದಿಗೆ.

ಅವಳು ಓದಿದಳು, ತುಟಿ ಅಲುಗಿಸುತ್ತ, ನಿಧಾನ.
ಏನೂ ಹೇಳಲಿಲ್ಲ. ಹರಿದು, ಮಡಚಿ,
ಮೀನಿನ ದುಡ್ಡಿನ ಸಂಚಿಯಲ್ಲಿಟ್ಟುಕೊಂಡು
ಮೆಟ್ಟಿಲಿನತ್ತ ನಡೆದಳು.
ಸ್ವಲ್ಪ ದೂರ ಹೋಗಿ ತಿರುಗಿ, "ಕುರ್ಚಿ ತನ್ನಿ,
ನೆಲ ಸುಡ್ತದೆ" ಎಂದಳು.

ನಾಲ್ಕನೇ ಮೇಜು ಈಗಲೂ ನಾಳೆ ಬನ್ನಿ ಎನ್ನುತ್ತದೆ.
ಹಕ್ಕುಪತ್ರ ಬಂದಿಲ್ಲ.
ನನ್ನ ಬೆರಳಿಗೆ ಹತ್ತಿದ ಕಾರ್ಬನ್ನಿನ ನೀಲಿ
ಲಿಂಬೆಹುಳಿಗೂ ಹೋಗಲಿಲ್ಲ.