ಗೆಣ್ಣಿನ ಲೆಕ್ಕ

ತೀರ್ಪಿನ ದಿನವನ್ನು ಎಣಿಸಬಾರದು.
ಮಾರನೆಯ ದಿನ ಒಂದು.
ಸಾಗರದ ಕೋರ್ಟಿನ ಹಿಂದೆ, ಟೈಪಿಂಗಿನವರ ತಗಡಿನ ಚಪ್ಪರದಡಿ
ಇಪ್ಪತ್ತಾರು ವರ್ಷ ವಕೀಲರ ಗುಮಾಸ್ತನಾಗಿ
ನಾನು ಕಲಿತ ಮೊದಲ ಪಾಠ:
ಏಟು ಬಿದ್ದ ದಿನ ಲೆಕ್ಕಕ್ಕಿಲ್ಲ,
ನೋವು ಮರುದಿನದಿಂದ.

ನಕಲಿಗೆ ಕಾದ ದಿನಗಳನ್ನು ಬಿಡಬೇಕು,
ಅರ್ಜಿ ಹಾಕಿದ ದಿನವೂ ಸೇರಿ, ನಕಲು ಸಿದ್ಧವಾದ ದಿನವೂ ಸೇರಿ.
ಕೊನೆಯ ದಿನ ಭಾನುವಾರವಾದರೆ ಸೋಮವಾರ ನಡೆಯುತ್ತದೆ.
ಉಳಿದದ್ದೆಲ್ಲ ಮುಷ್ಟಿಯಲ್ಲಿದೆ.
ಗೆಣ್ಣು ಬಂದರೆ ಮೂವತ್ತೊಂದು, ತಗ್ಗು ಬಂದರೆ ಮೂವತ್ತು.
ಫೆಬ್ರವರಿಯೂ ತಗ್ಗೇ. ಎಷ್ಟು ಆಳ ಎಂದು
ಕೈ ಹೇಳುವುದಿಲ್ಲ.

ಎರಡು ಸಾವಿರದ ಹದಿನಾರು. ಹೊಳೆಯಾಚೆಯ ಗುತ್ಯಮ್ಮ
ಬಾವಿದಾರಿಯ ದಾವೆ ಸೋತದ್ದು ಜನವರಿ ಹದಿನೆಂಟು, ಸೋಮವಾರ.
ನಕಲಿಗೆ ಹಾಕಿದ್ದು ಇಪ್ಪತ್ತೆರಡಕ್ಕೆ, ಸಿಕ್ಕಿದ್ದು ಫೆಬ್ರವರಿ ಐದಕ್ಕೆ.
ಹದಿನೈದು ದಿನ. ಮೂವತ್ತಕ್ಕೆ ಕೂಡಿಸಿದೆ.
"ನಲವತ್ತೈದು ದಿನ ಇದೆ ನಿಮಗೆ" ಅಂದೆ,
ಬೀಡಿ ಹಿಡಿದ ಕೈಯಲ್ಲೇ ಗೆಣ್ಣು ಮುಟ್ಟಿ ಮುಟ್ಟಿ,
"ಮಾರ್ಚ್ ನಾಲ್ಕು, ಶುಕ್ರವಾರ. ದುಡ್ಡು ಹೊಂದಿಸಿಕೊಂಡು ಬನ್ನಿ."
ಆಕೆ ಬಾಯೊಳಗೇ ಏನೋ ಗುಣಿಸಿಕೊಂಡಳು.
ಏನೆಂದು ನಾನು ಕೇಳಲಿಲ್ಲ.

ಶುಕ್ರವಾರ ಮೊದಲ ಲಾಂಚಿಗೇ ದಾಟಿ ಬಂದಳು.
ಶಿರಸ್ತೇದಾರರು ಕಾಗದದಂಚಿಗೆ
ಕೆಂಪು ಶಾಯಿಯಲ್ಲಿ ಬರೆದರು: ಒಂದು ದಿನ ವಿಳಂಬ.
ಗೋಡೆ ನೋಡಿದೆ. ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ
ಫೆಬ್ರವರಿಯ ಕೊನೆಗೆ ಇಪ್ಪತ್ತೊಂಬತ್ತು ಕೂತಿತ್ತು,
ನಾಲ್ಕು ವರ್ಷಕ್ಕೊಮ್ಮೆ ಮಾತ್ರ
ಸಮನ್ಸಿಗೆ ಓಗೊಡುವ ಸಾಕ್ಷಿಯ ಹಾಗೆ.

ವಿಳಂಬದ ಪ್ರತಿ ದಿನಕ್ಕೂ ಕಾರಣ ಕೊಡಬೇಕು.
ಇದ್ದದ್ದು ಒಂದು ದಿನ. ಕಾರಣ ನಾನು.
ಟೈಪ್ ಮಾಡಿಸಿದೆ: "ಸದರಿ ದಿನಾಂಕದಂದು ಲಾಂಚ್ ಕೆಟ್ಟು ನಿಂತು
ಮೇಲ್ಮನವಿದಾರಳು ಹೊಳೆ ದಾಟಲಾಗದೆ..."
ಓದಿ ಹೇಳಿದೆ, ಸ್ವಲ್ಪ ಬೇಗ ಬೇಗ.
ಹೆಬ್ಬೆಟ್ಟು ಒತ್ತಿದಳು. ಶಾಯಿಯನ್ನು
ತಲೆಕೂದಲಿಗೆ ಒರೆಸಿಕೊಂಡಳು.

ಎರಡು ವಾಯಿದೆ ಕಳೆದು ಸಾಹೇಬರು,
ತಲೆಯೆತ್ತದೆಯೇ, "ಒಂದೇ ದಿನ ತಾನೆ? ಮನ್ನಾ."

ಕ್ಯಾಂಟೀನಿನಲ್ಲಿ ಬಸಿಗೆ ಚಾ ಸುರಿದುಕೊಂಡು ಗುತ್ಯಮ್ಮ ಅಂದಳು:
"ನಂ ಲೆಕ್ಕಕ್ಕೆ ಮೂರನೇ ತಾರೀಖೇ ಆಗಿತ್ತು ಗುಮಾಸ್ತ್ರೇ.
ತೀರ್ಪಿನ ದಿನ ಬನದ ಹುಣ್ಣಿಮೆಗೆ ಆರು ಬಾಕಿ.
ಅಲ್ಲಿಂದ ಭಾರತ ಹುಣ್ಣಿಮೆಗೆ ಇಪ್ಪತ್ತೊಂಬತ್ತು.
ಅದು ಕಳೆದು ಹತ್ತು. ಗುರುವಾರಕ್ಕೆ ಬಂತು.
ಗುರುವಾರ ದಡದ ತನಕ ಬಂದು ವಾಪಸ್ ಹೋದೆ.
ನೀವು ಓದಿದೋರು ಶುಕ್ರವಾರ ಅಂದಿದ್ರಲ್ಲ,
ನಂದೇ ತಪ್ಪಿರಬೇಕು ಅಂದ್ಕಂಡೆ."

ಬಸಿ ಬರಿದಾಗುವವರೆಗೆ ಕಾದು, ಮತ್ತೆ:
"ಬೇಗ ಓದಿದ್ರೂ ಕೇಳಿಸ್ತು ನಂಗೆ.
ಲಾಂಚಿನ ಡ್ರೈವರು ನಮ್ಮಣ್ಣನ ಮಗ.
ಕೆಟ್ಟಿತ್ತು ಅಂತ ಬರ್ದಿದ್ದು ಅವನ ಕಿವಿಗೆ ಬೀಳ್ದಂಗೆ ನೋಡ್ಕಳಿ.
ಅದು ಅಂದ್ರೆ ಜೀವ ಅವನಿಗೆ. ಆವತ್ತು ಪೂರಾ ದಿನ ಓಡ್ಸಿದಾನೆ."
ಚಾದ ದುಡ್ಡು ಆಕೆಯೇ ಕೊಟ್ಟಳು.

ಈಗ ಕಿರಿಯ ವಕೀಲರು ಮೊಬೈಲಿನಲ್ಲಿ
ಎರಡು ತಾರೀಖು ಒತ್ತುತ್ತಾರೆ, ನಡುವಿನದು ತಾನೇ ಬರುತ್ತದೆ.
ನಾನು ಡೈರಿಯಲ್ಲಿ ಕೊನೆಯ ದಿನಾಂಕದ ಪಕ್ಕ
ಪಂಚಾಂಗ ನೋಡಿ ಹುಣ್ಣಿಮೆಗೊಂದು ಸೊನ್ನೆ ಸುತ್ತುತ್ತೇನೆ,
ಅದರಿಂದ ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಎಣಿಸುತ್ತೇನೆ.
"ಇದೇನು ಅಣ್ಣಾ, ವ್ರತವಾ?" ಅನ್ನುತ್ತಾರೆ.
ಹೌದು, ವ್ರತವೇ ಅನ್ನುತ್ತೇನೆ.
ಮುಷ್ಟಿ ಬಿಚ್ಚಿ ಮೇಜಿನ ಮೇಲಿಟ್ಟರೆ
ಗೆಣ್ಣು ಯಾವುದು, ತಗ್ಗು ಯಾವುದು.